ಐಬು ಹೇಳುವವಳು

ಸಣ್ಣ ಸುಳ್ಳೊಂದಕ್ಕೆ ಎಷ್ಟು ವಾರ ತುಂಬಿದರೆ ಅದು ದೊಡ್ಡದಾಗುತ್ತದೆ ಎಂಬುದನ್ನು ಯಾರನ್ನು ಕೇಳಬೇಕೋ ಪಂಚಶೀಲಾಗೆ ತಿಳಿಯಲಿಲ್ಲ. ತನ್ನೂರು ಜಿಡಗಾಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು, ತೊಡೆಯ ಮೇಲೆ ಡೈರಿ ಇಟ್ಟುಕೊಂಡು, ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದರೂ ಬಿಡದೆ ಬರೆದಳು: ‘ಇವತ್ತೂ ಏನೂ ಇಲ್ಲ ಅಂದೆ. ಏಳನೇ ಗುರುವಾರ.’ ಬರೆದದ್ದನ್ನು ಓದಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಅಂಗೈಯಿಂದ ಮುಚ್ಚಿಕೊಂಡಳು.

ಆ ಸುಳ್ಳು ಹುಟ್ಟಿದ್ದು ಆಳಂದದ ಹಳೇ ಪೇಟೆಯಲ್ಲಿರುವ ಹಕೀಮ ಜಹೀರುದ್ದೀನರ ಯುನಾನಿ ದವಾಖಾನೆಯಲ್ಲಿ. ಅಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಪ್ರತಿ ಗುರುವಾರ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು, ಹಕೀಮರು ತಮ್ಮ ಗಾದಿಯಿಂದ ಇಳಿದು ರೋಗಿಗಳ ಬೆಂಚಿನ ಮೇಲೆ ಹೋಗಿ ಕೂಡುತ್ತಿದ್ದರು. ದವಾಖಾನೆಯಲ್ಲಿ ಎಲ್ಲರಿಗಿಂತ ಕೆಳಗಿನ ಕೆಲಸದವರು ಗಾದಿ ಏರಬೇಕು. ಆಮೇಲೆ ಎಪ್ಪತ್ತೆಂಟರ ಆ ಮುದುಕ ಕೈಕಟ್ಟಿಕೊಂಡು ಕೇಳುತ್ತಿದ್ದರು: “ಈ ವಾರ ನನ್ನೊಳಗ ಏನ್ ಐಬು ಕಂಡಿ? ಹೇಳು.” ಏನು ಹೇಳಿದರೂ ಎದುರಾಡುವಂತಿಲ್ಲ, ಕಾರಣ ಕೊಡುವಂತಿಲ್ಲ. ಕೇಳಿ ತಲೆಬಾಗಿ ಮತ್ತೆ ಗಾದಿಗೆ ಬಂದ ಮೇಲೆಯೇ ಆ ದಿನದ ಮೊದಲ ರೋಗಿಯ ನಾಡಿ ಹಿಡಿಯುತ್ತಿದ್ದರು.

ಇದನ್ನು ಶುರು ಮಾಡಿದವರು ಹಕೀಮರ ಅಜ್ಜ. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ವೈದ್ಯಕೀಯ ಕಲಿತವರು. ಅಲ್ಲಿಂದ ನಾರುಬೇರುಗಳ ವಿದ್ಯೆಯ ಜೊತೆಗೆ ಜಾಲೀನೂಸ್ ಎಂಬ ಗ್ರೀಕ್ ವೈದ್ಯನ ಮಾತುಗಳನ್ನೂ ಕಟ್ಟಿಕೊಂಡು ಬಂದಿದ್ದರು. ಹದಿನೆಂಟು ಶತಮಾನಗಳ ಹಿಂದೆ ಬಾಳಿದ ಈ ಜಾಲೀನೂಸ್, ನಾಡಿ ಹಿಡಿಯಲು ಕಲಿಯುವ ಮೊದಲು ತತ್ವಜ್ಞಾನಿಗಳ ಕಾಲಬಳಿ ಕುಳಿತವನು. ಅವನಿಗೂ ಹಿಂದಿನ ಗ್ರೀಕ್ ತತ್ವಜ್ಞಾನಿ ಅಫ್ಲಾತೂನ್ ಮನುಷ್ಯನ ಜೀವಕ್ಕೆ ಮೂರು ಪಾಲು ಮಾಡಿದ್ದ. ಜಾಲೀನೂಸ್ ಆ ಪಾಲುಗಳಿಗೆ ಮೈಯೊಳಗೆ ಮನೆ ತೋರಿಸಿದ. ವಿವೇಕಕ್ಕೆ ಮಿದುಳು, ಸಿಟ್ಟಿಗೆ ಹೃದಯ, ಆಸೆಗೆ ಯಕೃತ್ತು. ಸಿಟ್ಟು, ಅಂಜಿಕೆ, ಹೊಟ್ಟೆಕಿಚ್ಚುಗಳೂ ಜ್ವರದಂಥ ಬೇನೆಗಳೇ, ವೈದ್ಯನಾದವನು ಮೊದಲು ತನ್ನವನ್ನು ಇಳಿಸಿಕೊಳ್ಳಬೇಕು ಎಂದ. ಆದರೆ ತನ್ನ ಮೇಲೆ ತನಗಿರುವ ಪ್ರೀತಿಯಿಂದ ಯಾವನಿಗೂ ತನ್ನ ಬೇನೆ ಕಾಣುವುದಿಲ್ಲ. ಅದಕ್ಕೆ ಬೇರೊಬ್ಬರ ಕಣ್ಣು ಬೇಕು, ಆ ಕಣ್ಣು ಶ್ರೀಮಂತನದೂ ಹೊಗಳುಭಟ್ಟನದೂ ಆಗಿರಬಾರದು. ಇದನ್ನೆಲ್ಲ ಅಜ್ಜ ತಮ್ಮ ಬಯಾಜಿನಲ್ಲಿ, ಅಂದರೆ ಹಕೀಮರು ಸ್ವಂತಕ್ಕೆಂದು ಕೈಯಾರೆ ಬರೆದಿಡುವ ಪುಸ್ತಕದಲ್ಲಿ, ಉರ್ದುವಿನಲ್ಲಿ ಬರೆದಿಟ್ಟಿದ್ದರು.

ಮೂವತ್ತೊಂದು ವರ್ಷ ಗುರುವಾರದ ಗಾದಿ ಏರಿದವನು ಮಲ್ಕಪ್ಪ. ಔಷಧ ಕುಟ್ಟುವವನು, ಪಂಚಶೀಲಾಳ ಓಣಿಯವನೇ. ಹಕೀಮರು ಮಂಗಳವಾರ ಅಫಜಲಪುರಕ್ಕೆ, ಶನಿವಾರ ಜೇವರ್ಗಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ಕಾಲದಲ್ಲಿ ಔಷಧದ ಪೆಟ್ಟಿಗೆ ಹೊತ್ತು ಹಿಂದೆ ಹೋಗುತ್ತಿದ್ದವನೂ ಅವನೇ. ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ಮುಖ ಎತ್ತದೆ ಹೇಳುತ್ತಿದ್ದ: “ಸಾಬ್ರ, ಜೇವರ್ಗಿಯೊಳಗ ಆ ಕೂಲಿ ಹೆಣಮಗಳು ತನ್ನ ಬ್ಯಾನಿ ಹೇಳಾಕತ್ತಾಗ ಎರಡ್ ಸಲ ಗಡಿಯಾರ ನೋಡಿದ್ರಿ. ಶೇಟಜಿ ತನ್ನ ಮಲಬದ್ಧತಿ ಬಗ್ಗಿ ಅರ್ಧಾ ತಾಸು ಹೇಳಿದ, ಒಂದ್ ಸಲಾನೂ ನೋಡ್ಲಿಲ್ಲ.” ಹಕೀಮರ ಕಿವಿ ಕೆಂಪಾಗುತ್ತಿತ್ತು. “ಹೌದು ಮಲ್ಕಪ್ಪ,” ಎಂದು ಏಳುತ್ತಿದ್ದರು.

ಮಲ್ಕಪ್ಪ ತೀರಿಕೊಂಡ. ಸಾಯುವ ಮುಂಚೆ, “ನಮ್ಮ ರಮಾಬಾಯಿ ಮಗಳು ಪಂಚಶೀಲಾನ್ನ ಕೂಡಸ್ರಿ, ಆಕಿ ಭಾಳ ನೋಡ್ತಾಳ,” ಎಂದು ಹೇಳಿಹೋದ. ನೋಡುತ್ತಾಳೆ ನಿಜ, ಹೇಳುತ್ತಾಳೆ ಎಂದು ಅವನು ಹೇಳಿರಲಿಲ್ಲ. ಪಂಚಶೀಲಾ ಕಲಬುರಗಿಯಲ್ಲಿ ತತ್ವಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿದವಳು. ಮೂರು ವರ್ಷದಲ್ಲಿ ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಿರಲಿಲ್ಲ. ಉತ್ತರ ಗೊತ್ತಿದ್ದಾಗಲೇ ತಲೆ ತಗ್ಗಿಸಿ ಪುಸ್ತಕದ ಹಾಳೆ ತಿರುವುತ್ತಿದ್ದಳು. ಹಕೀಮರು ಅವಳನ್ನು ಇಟ್ಟುಕೊಂಡದ್ದು ಬಯಾಜನ್ನು ಕನ್ನಡದಲ್ಲಿ ಬರೆಸಲು. ಮೊಮ್ಮಕ್ಕಳಿಗೆ ಉರ್ದು ಅಕ್ಷರ ಬರುತ್ತಿರಲಿಲ್ಲ. ಅವರು ಓದಿ ಅರ್ಥ ಹೇಳಿದರೆ ಇವಳು ಬರೆಯುವುದು. ನಡುವೆ ರೋಗಿಗಳ ಹೆಸರು ಬರೆದುಕೊಳ್ಳುವುದು, ಪುಡಿ ಕಟ್ಟುವುದು. ಅವಳು ಬಂದರೆ ಸಾಕು, ಹಕೀಮರ ಸೊಸೆ ಮೆಹನಾಜ ಒಳಗಿನಿಂದಲೇ ಕೂಗುತ್ತಿದ್ದಳು: “ಅಫ್ಲಾತೂನ್ ಬಂದ್ಲು ನೋಡ್ರಿ! ಚಾ ಕುಡಿತದೋ, ಬರೀ ವಿಚಾರಾನೇ ಮಾಡ್ತದೋ ಕೇಳ್ರಿ!”

ಗುರುವಾರದ ಗಾದಿ ಸಿಕ್ಕ ಮೊದಲ ವಾರ ಹೇಳುವಂಥದ್ದು ನಿಜಕ್ಕೂ ಏನೂ ಇರಲಿಲ್ಲ. ಎರಡನೆಯ ವಾರದಿಂದ ಇತ್ತು.

ಆ ವಾರ ಅಲಮಾರಿಯ ಹಿಂದೆ ಇಲಿಯೊಂದು ಸತ್ತುಬಿದ್ದಿತ್ತು. ಎರಡು ದಿನ ಬಂದ ರೋಗಿಗಳೆಲ್ಲ ಸೆರಗು, ಟವೆಲು ಮೂಗಿಗೆ ಹಿಡಿದರು. ಒಬ್ಬಳು ಬಾಗಿಲಲ್ಲೇ ಓಕರಿಸಿದಳು. ಹಕೀಮರು ಅಲಮಾರಿಗೆ ಬೆನ್ನು ಕೊಟ್ಟು ನೆಮ್ಮದಿಯಿಂದ ಕುಳಿತು, ಅವಳಿಗೆ ಪಿತ್ತವಾಗಿದೆ ಎಂದು ಔಷಧ ಹೇಳಿದರು. ಮೆಹನಾಜ ಪೊರಕೆಯ ತುದಿಯಿಂದ ಇಲಿಯನ್ನು ಎಳೆದು ತೋರಿಸಿದಾಗ, “ಅಚ್ಛಾ, ಅದಕ್ಕs,” ಎಂದರು. ಆ ‘ಅದಕ್ಕs’ ಎಂಬ ಮಾತಿನಲ್ಲಿ ಏನೋ ಕಾಲು ಜಾರಿದಂತಿತ್ತು. ಇನ್ನೊಂದು ದಿನ ಅವರ ಮಗ್ಗುಲಲ್ಲೇ ಹಾಲು ಉಕ್ಕಿ ಸೀದು ಕರಕಾಯಿತು. ಅವರು ಓದುತ್ತಲೇ ಇದ್ದರು. ಆಮೇಲೆ ಗುಲ್ಕಂದದ ಡಬ್ಬಿಯನ್ನೋ ಎಣ್ಣೆಯ ಬಾಟಲಿಯನ್ನೋ ಮೆಹನಾಜಳ ಮೂಗಿನ ಮುಂದೆ ಹಿಡಿದು, “ನೋಡವಾ, ಹೆಂಗದ ಇದು?” ಎಂದು ಸಹಜವಾಗಿ ಕೇಳತೊಡಗಿದರು. ಸೊಸೆಯ ಅಭಿಪ್ರಾಯಕ್ಕೆ ಇಷ್ಟು ಬೆಲೆ ಯಾವಾಗಿನಿಂದ ಎಂದು ಅವಳು ಹಿಗ್ಗಿದಳು. ಪಂಚಶೀಲಾ ಮಾತ್ರ ಅವರ ಕಣ್ಣು ನೋಡಿದಳು. ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಾದೀತೆಂದು ಅಂಜಿದ್ದರು.

ಬೇರೆ ವೈದ್ಯರಾಗಿದ್ದರೆ ಇದು ಮುಪ್ಪಿನ ಒಂದು ಕೊರತೆ, ಅಷ್ಟೇ. ಆದರೆ ಈ ದವಾಖಾನೆಯ ಗೋಡೆಗೆ ಹಾಕಿದ ಹಲಗೆಗಳ ಮೇಲೆ ನಲವತ್ತು ಚೀನಿ ಬರಣಿಗಳಿದ್ದವು, ಒಂದಕ್ಕೂ ಹೆಸರಿನ ಚೀಟಿ ಇರಲಿಲ್ಲ. ಚೀಟಿ ಅಂಟಿಸಿದರೆ ಹಕೀಮನ ಮೂಗು ಆಲಸಿಯಾಗುತ್ತದೆ ಎಂದು ಅಜ್ಜ ಮಾಡಿಟ್ಟ ಕಟ್ಟಳೆ. ಬರಣಿ ತೆಗೆದವನು ಮೂಸಿ ನೋಡಿಯೇ ಔಷಧ ಕೊಡಬೇಕು. ಎಲ್ಲಕ್ಕಿಂತ ಮೇಲಿನ ಹಲಗೆಯ ಬರಣಿಗಳನ್ನು ಹಕೀಮರು, ಮಲ್ಕಪ್ಪ ಬಿಟ್ಟು ಯಾರೂ ಮುಟ್ಟುವಂತಿರಲಿಲ್ಲ. ಅವು ಸಾಸಿವೆಕಾಳಿನಷ್ಟು ಕೊಟ್ಟರೆ ಔಷಧ, ಚಮಚದಷ್ಟಾದರೆ ವಿಷ.

ಆ ಬರಣಿಗಳನ್ನು ಪಂಚಶೀಲಾ ಮುಟ್ಟಿದ್ದಳು. ಇಲಿ ಸಾಯುವುದಕ್ಕೆ ಒಂದು ವಾರ ಮುಂಚೆ, ರಂಜಾನ್ ಹತ್ತಿರವಾಯಿತೆಂದು ಗೋಡೆಗೆ ಸುಣ್ಣ ಬಳಿಸಿದ್ದರು. ಬರಣಿಗಳನ್ನೆಲ್ಲ ಇಳಿಸಿ ನೆಲಕ್ಕೆ ಸಾಲಾಗಿಟ್ಟು, ಸುಣ್ಣ ಆರಿದ ಮೇಲೆ ಮತ್ತೆ ಏರಿಸಿದವಳು ಇವಳು. ಹಸಿರು ಅಂಚಿನ ಎರಡು ಬರಣಿಗಳ ಮುಂದೆ ಅವಳ ಕೈ ನಿಂತಿತ್ತು. ಒಂದರಲ್ಲಿ ಅಜವಾನ, ಎಲ್ಲರ ಅಡುಗೆಮನೆಯ ಓಂಕಾಳು. ಇನ್ನೊಂದರಲ್ಲಿ ಖುರಾಸಾನಿ ಅಜವಾನ. ಹೆಸರೊಂದೇ ಹತ್ತಿರ, ಕುಲ ಬೇರೆ. ಅದು ನೋವು ಮರೆಸುವ, ನಿದ್ದೆ ತರಿಸುವ ಬೀಜ. ಹೆಚ್ಚಾದರೆ ಬಾಯಿ ಒಣಗಿ, ಕಣ್ಣಿನ ಕರಿಗುಡ್ಡೆ ಅಗಲವಾಗಿ, ಮನುಷ್ಯ ಇಲ್ಲದವರ ಜೊತೆ ಮಾತಾಡತೊಡಗುತ್ತಾನೆ, ಆಮೇಲೆ ಎದ್ದೇಳದ ನಿದ್ದೆ. ಯಾವುದು ಮೇಲಿನದು, ಯಾವುದು ಕೆಳಗಿನದು? “ಲಗೂನ ಇಡು ಬೇ, ನಿನ್ನ ಬಸ್ ಹೋಗ್ತದ!” ಎಂದು ಮೆಹನಾಜ ಅವಸರ ಮಾಡಿದಳು. ಹೇಗೂ ಹಕೀಮರ ಮೂಗು ಇದೆಯಲ್ಲ ಎಂದುಕೊಂಡು ಒಂದನ್ನು ಮೇಲೆ, ಒಂದನ್ನು ಕೆಳಗೆ ಇಟ್ಟಿದ್ದಳು.

ಮುಂದಿನ ವಾರ ಇಲಿ ಸತ್ತಿತು. ಅಂದಿನಿಂದ ಅವಳಿಗೆ ಆ ಗೋಡೆಯ ಕಡೆ ಬೆನ್ನು ಮಾಡಿ ಕೂಡುವುದು ಆಗಲಿಲ್ಲ. ಎರಡು ಸಲ ಸ್ಟೂಲು ಎಳೆದುಕೊಂಡು ಏರಿದಳು, ತೆಗೆದು ಮೂಸಿ ನೋಡೋಣವೆಂದು. ಎರಡೂ ಸಲ ಮೆಹನಾಜ ಪರದೆಯಿಂದ ಹಣಿಕಿ, “ಅಲ್ಲೇನ್ ಹುಡುಕಾಕತ್ತಿ?” ಎಂದಳು. “ಏನಿಲ್ರಿ ಆಪಾ, ಧೂಳ,” ಎಂದು ಇಳಿದುಬಿಟ್ಟಳು. ಮಲ್ಕಪ್ಪ ಕುಟ್ಟಿಟ್ಟುಹೋದ ಪುಡಿಗಳು ಇನ್ನೂ ಇದ್ದವು, ಹೊಸದಾಗಿ ಬರಣಿ ತೆಗೆಯುವ ಪ್ರಸಂಗ ಬಂದಿರಲಿಲ್ಲ. ಅದೇ ಸಮಾಧಾನ. ಮಲಗಿದಾಗ ಒಮ್ಮೊಮ್ಮೆ ಆ ಪುಡಿಯ ಡಬ್ಬಿಗಳು ಒಂದೊಂದೇ ಬರಿದಾಗುವ ಸಪ್ಪಳ ಕೇಳಿದಂತಾಗಿ ಎಚ್ಚರವಾಗುತ್ತಿತ್ತು.

ಏಳನೆಯ ಗುರುವಾರ “ಏನೂ ಇಲ್ರಿ” ಎಂದು ಅವಳು ಗಾದಿಯಿಂದ ಇಳಿದ ಮೇಲೆ ಹಕೀಮರು ಬಯಾಜ್ ಬಿಚ್ಚಿದರು. ಮೊದಲು ನಗುತ್ತಲೇ ಓದಿದರು. ಜಾಲೀನೂಸನ ತಾಯಿ ಸಿಟ್ಟು ಬಂದರೆ ಮನೆಗೆಲಸದ ಹೆಂಗಸರನ್ನು ಹಲ್ಲಿನಿಂದ ಕಚ್ಚುತ್ತಿದ್ದಳಂತೆ, ತಂದೆ ಮಾತ್ರ ತಣ್ಣಗಿನ ಮನುಷ್ಯನಂತೆ. ಇಬ್ಬರನ್ನೂ ನೋಡಿ ತಾನು ಯಾರಂತೆ ಆಗಬೇಕೆಂದು ಅವನು ಆರಿಸಿಕೊಂಡನಂತೆ. “ನೋಡ್ ಬೇಟಿ, ಅಂಥಾಕಿ ಹೊಟ್ಟ್ಯಾಗ ಹುಟ್ಟಿ ಹಕೀಮ ಆದ. ನಮ್ಮ ಮೆಹನಾಜ ಇನ್ನೂ ಕಚ್ಚೂ ಮಟ್ಟಕ್ಕ ಬಂದಿಲ್ಲ.”

“ಕೇಳಸ್ತದ್ರಿ ಅಬ್ಬಾ!” ಎಂದು ಒಳಗಿನಿಂದ ದನಿ ಬಂತು.

ಹಾಳೆ ತಿರುವಿದ ಹಕೀಮರ ನಗು ಅಲ್ಲಿಗೇ ನಿಂತಿತು. ಮುಂದಿನ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ಬಿಟ್ಟು ಮುಂದೆ ಹೋಗುತ್ತಾರೇನೋ ಅನ್ನಿಸಿತು. ಬಿಡಲಿಲ್ಲ. “ಬರಕೊ. ಐಬು ಹೇಳಂತ ನೀ ಯಾರಿಗರ ಕೇಳಿದಾಗ ಅವ ನಿನ್ನೊಳಗ ಏನೂ ಕಾಣ್ಲಿಲ್ಲ ಅಂದ್ರ ಹಿಗ್ಗಬ್ಯಾಡ. ನೀ ಚೊಕ್ಕ ಆದಿ ಅಂತ ತಿಳೀಬ್ಯಾಡ. ಅವ ಸರಿಯಾಗಿ ನೋಡಿಲ್ಲ, ಇಲ್ಲಾ ನಿನ್ನ ಸಿಟ್ಟಿಗೆ ಅಂಜ್ಯಾನ, ಇಲ್ಲಾ ನಿನ್ನ ಚಲೋದು ಅವಗ ಬೇಕಾಗಿಲ್ಲ.”

ಅವಳ ಪೆನ್ನು ‘ಅಂಜ್ಯಾನ’ದ ಹತ್ತಿರ ನಿಂತಿತು.

“ಬರದ್ಯಾ?”

“ಬರದೇನ್ರಿ.”

ಅವರು ಅವಳನ್ನೇ ನೋಡಿದರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹಕೀಮರು ಬಯಾಜ್ ಮುಚ್ಚಿ, ಗಡ್ಡ ನೇವರಿಸಿಕೊಂಡು, ಅವಳಿಗಿಂತ ಹೆಚ್ಚು ತಮಗೇ ಹೇಳಿಕೊಂಡರು: “ಜಾಲೀನೂಸ್ ಭಾಳ ಸಂಶೇದ ಮನುಷ್ಯಾ ಇದ್ದ. ಏಳು ವಾರ ಆತು. ಮುದುಕ ಆದಂಗ ನಾ ಒಳ್ಳೆಯವ ಆಗಾಕತ್ತೇನೋ ಏನೋ.” ಎದ್ದು ನಿಂತವರ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು. “ಮಲ್ಕಪ್ಪ ಕುಟ್ಟಿದ್ದು ಮುಗೀತು. ಸೋಮವಾರದಿಂದ ನಾನs ಕುಟ್ಟತೇನಿ. ಕೈಯಾಗ ಇನ್ನಾ ಕಸುವು ಅದ.”

ಬಸ್ಸಿನಲ್ಲಿ ಆ ಒಂದು ಸಾಲು ಬರೆದದ್ದು ಅಂದೇ. ಅದರ ಕೆಳಗೆ ‘ಸೋಮವಾರ’ ಎಂದು ಬರೆದು ಮುಂದೇನೂ ತೋಚದೆ ಬಿಟ್ಟಳು.

ಸೋಮವಾರ ಹನ್ನೊಂದರ ಹೊತ್ತಿಗೆ ಖಜೂರಿಯಿಂದ ಹೀರಾಬಾಯಿ ಬಂದಳು. ಹೊಲಮನೆ ಇದ್ದ ಕುಳ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಗಡಿಯಾಚೆಯ ಮರಾಠಿ ಸೀರೆ. ಹಿಂದೆ ಸೊಸೆ ಬಸವೇಶ್ವರಿ, ಒಂದೂವರೆ ತಿಂಗಳ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ಎದೆಗವಚಿಕೊಂಡಿದ್ದಳು.

“ಅಗ ಬಾಯಿ, ಏನ್ ರಸ್ತಾ ಅದ್ರಿ ಸಾಬ್ರ! ಆ ಟ್ರಕ್ಕಿನವರು ಮುಂದ ಬಿಡವಲ್ರು, ಹಿಂದ ಬಿಡವಲ್ರು,” ಎನ್ನುತ್ತ ಹೀರಾಬಾಯಿ ಬೆಂಚಿನ ಮೇಲೆ ಕುಳಿತಳು. “ನೋಡ್ರಿ ಈಕಿನ್ನ. ಹೊಟ್ಟಿ ಉಬ್ಬರಸ್ತದ, ಉಂಡಿದ್ದು ಅರಗವಲ್ದು. ಗುಳಿಗಿ ನುಂಗಿಸಿ ಸಾಕಾತು. ನನ್ನ ಮೂರೂ ಬಾಣಂತನದಾಗ ನಿಮ್ಮ ಪುಡೀನs ತಿಂದೀನಿ. ಅದನ್ನs ಕೊಡ್ರಿ.”

ಹಕೀಮರು ಬಸವೇಶ್ವರಿಯ ನಾಡಿ ನೋಡಿದರು. ಅವಳ ಮುಖ ನೋಡಿದರು. ಗಡಿಯಾರ ನೋಡಲಿಲ್ಲ. “ವಾಯು ತುಂಬ್ಯಾದ, ಮತ್ತೇನಿಲ್ಲವಾ. ಅಜವಾನದ ಪುಡಿ ಮಾಡಿಕೊಡ್ತೇನಿ, ಬಿಸಿ ಬಿಸಿ.”

ತಾವೇ ಎದ್ದರು. ಕೆಳಗಿನ ಹಲಗೆಯಿಂದ ಹಸಿರು ಅಂಚಿನ ಬರಣಿ ಇಳಿಸಿದರು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಐವತ್ತು ವರ್ಷದಿಂದ ಮಾಡಿದಂತೆಯೇ ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದರು. ತಲೆದೂಗಿದರು. ಒರಳಿಗೆ ಹಿಡಿ ಕಾಳು ಸುರುವಿ ಕುಟ್ಟತೊಡಗಿದರು.

ಪಂಚಶೀಲಾ ವಾಸನೆಗಾಗಿ ಕಾದಳು.

ಅಕ್ಕನ ಬಾಣಂತನದಲ್ಲಿ ಅವ್ವ ಕೆಂಡದ ಮೇಲೆ ಅಜವಾನ ಉದುರಿಸಿ ಹೊಗೆ ಕೊಡುತ್ತಿದ್ದಳು. ಆ ಘಾಟು ಓಣಿಯ ತುದಿಗೆ ಹೋಗುತ್ತಿತ್ತು. ಹಿಡಿ ಕಾಳು ಕುಟ್ಟಿದರೆ ಸಾಕು, ಮೂಗು ಚುರುಗುಟ್ಟಿ ಕಣ್ಣಂಚಿನಲ್ಲಿ ನೀರು ಬರಬೇಕು. ಒನಕೆ ಏಳುತ್ತಿತ್ತು, ಬೀಳುತ್ತಿತ್ತು. ಘಾಟು ಬರಲಿಲ್ಲ. ಬದಲಿಗೆ ಹಸಿ ಗೋಣಿಚೀಲ ಮುಗ್ಗಿದಂಥ ಒಂದು ಮಂದ ವಾಸನೆ ನೆಲದ ಮಟ್ಟದಲ್ಲಿ ಹರಿದು ಬಂತು. ಒರಳಿನಲ್ಲಿರುವುದು ಖುರಾಸಾನಿ ಎಂದು ಅವಳಿಗೆ ತಿಳಿಯಿತು. ಹೀರಾಬಾಯಿ ಹೊರಗೆ ಮುಖ ಮಾಡಿ ಬಸ್ಸಿನ ಸದ್ದು ಕೇಳುತ್ತಿದ್ದಳು. ಬಸವೇಶ್ವರಿಗೆ ಮೂರು ದಿನದಿಂದ ನೆಗಡಿ. ಗೊತ್ತಾಗಬೇಕಾದವರಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

“ಮೆಹನಾಜ, ಬಿಸಿನೀರು ತಾರವಾ. ಮೊದಲನೇ ಚಮಚ ನನ್ನ ಮುಂದs ಆಗಲಿ.” ಅದೂ ಅಜ್ಜನ ಕಟ್ಟಳೆಯೇ. ಹಕೀಮರು ಪುಡಿಯನ್ನು ಕಾಗದದ ಮೇಲೆ ಸುರುವಿ ಪಂಚಶೀಲಾಳ ಮುಂದೆ ಸರಿಸಿದರು. “ಕಟ್ಟು ಬೇಟಿ. ಹದಿನಾಲ್ಕು ಪುಡಿ.”

ಅವಳು ಕಟ್ಟಲಿಲ್ಲ. ಮೆಹನಾಜ ಲೋಟದಲ್ಲಿ ನೀರು ತಂದಳು, ಚಮಚ ತುಂಬ ಪುಡಿ ಹಾಕಿ ಕಲಕಿದಳು. ಬಸವೇಶ್ವರಿ ಕೂಸನ್ನು ಎಡಗೈಗೆ ಬದಲಿಸಿ ಲೋಟ ಹಿಡಿದಳು. ಕೂಸು ಹಾಲಿಗಾಗಿ ಬಾಯಿ ಚಪ್ಪರಿಸುತ್ತಿತ್ತು. ಇವಳು ಕುಡಿದದ್ದು ಅದಕ್ಕೂ ಹೋಗುತ್ತದೆ.

“ಬ್ಯಾಡ್ರಿ,” ಎಂದಳು ಪಂಚಶೀಲಾ. ಅದು ಅವಳಿಗೇ ಕೇಳಲಿಲ್ಲ.

ಲೋಟ ತುಟಿಯ ಹತ್ತಿರ ಬಂತು. ಅವಳು ಎದ್ದಳು. ಎದ್ದದ್ದು ನೆನಪಿಲ್ಲ, ಅವಳ ಅಂಗೈ ಲೋಟದ ಬಾಯಿಯನ್ನು ಮುಚ್ಚಿದ್ದು, ಬಿಸಿನೀರು ಚರ್ಮಕ್ಕೆ ಚುರುಕ್ ಎಂದದ್ದು ಮಾತ್ರ ತಿಳಿಯಿತು. ಲೋಟ ಕಸಿದು ಕಟ್ಟೆಯ ಮೇಲಿಟ್ಟಳು.

“ಏ ಪೋರಿ!” ಹೀರಾಬಾಯಿ ಎದ್ದುನಿಂತಳು. “ಬಾಣಂತಿ ಬಾಯಿಗೆ ಹಚ್ಚಿದ್ದ ನೀರಾಗ ಕೈ ಅದ್ದತಿ? ಯಾರಾಕಿ ನೀ? ಯಾರ ಪೈಕಿ?”

ಹಕೀಮರು ಒರಳಿನ ಮೇಲೆ ಕೈಯಿಟ್ಟು ನಿಂತಿದ್ದರು. ಒಮ್ಮೆ ಲೋಟ ನೋಡಿದರು, ಒಮ್ಮೆ ಬರಣಿ ನೋಡಿದರು. ಅವರ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

ಮೆಹನಾಜ ಚುರುಕಿನ ಹೆಂಗಸು. ಲೋಟವನ್ನು ಎತ್ತಿ ಮೂಸಿದಳು, ಅವಳ ಹುಬ್ಬುಗಳು ಕೂಡಿದವು. ಪಂಚಶೀಲಾಳನ್ನು ನೋಡಿದಳು, ಮಾವನನ್ನು ನೋಡಿದಳು, ಆಮೇಲೆ ನಗು ತಂದುಕೊಂಡು ಹೀರಾಬಾಯಿಯ ಕಡೆ ತಿರುಗಿದಳು. “ಕೂಡ್ರಿ ಅಕ್ಕಾರ, ಏನಾಗಿಲ್ಲ. ಸುಣ್ಣಾ ಬಳಸಿದಾಗ ಈ ಹುಡುಗಿ ಬರಣಿ ಅದಲ್‌ಬದಲ್ ಇಟ್ಟಾಳ, ಅಷ್ಟs. ಈಗ ನೆಪ್ಪಾಗಿ ಓಡಿಬಂದಾಳ. ಅಲ್ಲೇನ ಪಂಚಶೀಲಾ? ಹೇಳು. ನಿಂದs ತಪ್ಪಲ್ಲ ಅದು?”

ಅದು ಸುಳ್ಳಾಗಿರಲಿಲ್ಲ. ಬರಣಿ ತಪ್ಪಿಟ್ಟವಳು ಅವಳೇ. “ಹೌದ್ರಿ, ನಂದs ತಪ್ಪು,” ಎಂದರೆ ಮುಗಿಯಿತು. ಹೀರಾಬಾಯಿ ನಾಲ್ಕು ಬೈಯುತ್ತಾಳೆ, ಮೆಹನಾಜ ಹೊಸ ಪುಡಿ ಮಾಡಿಸುತ್ತಾಳೆ, ಐವತ್ತು ವರ್ಷದ ಹಕೀಮರ ಹೆಸರು ಇದ್ದಲ್ಲೇ ಇರುತ್ತದೆ. ಖಜೂರಿಯ ತನಕ ಹೋಗುವ ಮಾತೆಂದರೆ ಆಳುಹುಡುಗಿಯ ಗಡಿಬಿಡಿಯದು ಮಾತ್ರ. ನಾಳೆ ಬರಣಿಗಳು ತಮ್ಮ ಜಾಗಕ್ಕೆ ಹೋಗುತ್ತವೆ, ಹಕೀಮರು ಮತ್ತೊಂದನ್ನು ಇಳಿಸುತ್ತಾರೆ, ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ, ತಲೆದೂಗುತ್ತಾರೆ. ಆಗ ಇವಳು ರಜೆಯಲ್ಲಿರಬಹುದು. ಆಗ ಇವಳಿಗೂ ನೆಗಡಿ ಇರಬಹುದು.

“ಹೇಳ್ ಬೇ,” ಎಂದಳು ಮೆಹನಾಜ, ಈಗ ಮೆಲ್ಲಗೆ, ಬೇಡಿಕೊಳ್ಳುವವಳಂತೆ.

ಹಕೀಮರ ಕಣ್ಣೂ ಅದನ್ನೇ ಕೇಳುತ್ತಿತ್ತು. ತಪ್ಪು ನಂದು ಅನ್ನು ಬೇಟಿ, ಇವತ್ತೊಂದಿನ. ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ಇಷ್ಟು ಬಯಲಾದ ಅಂಜಿಕೆಯನ್ನು ಅವಳು ಮೊದಲ ಸಲ ನೋಡಿದಳು. ಅವರ ಮೇಲೆ ಕರುಣೆ ಬಂತು. ಆ ಕರುಣೆಯೇ ಇಷ್ಟು ದಿನ ತನ್ನ ಬಾಯಿ ಕಟ್ಟಿತ್ತು ಎಂಬುದೂ ಹೊಳೆಯಿತು. ಕೂಸು ಅಳತೊಡಗಿತು. ಬಸವೇಶ್ವರಿ ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತ ಸೆರಗು ಸರಿಸಿ ಅದಕ್ಕೆ ಮೊಲೆ ಕೊಟ್ಟಳು.

ಅದು ಗುರುವಾರ ಆಗಿರಲಿಲ್ಲ. ಅವಳು ಗಾದಿಯ ಮೇಲೂ ಇರಲಿಲ್ಲ. ಸುಟ್ಟ ಅಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಪಂಚಶೀಲಾ ಹೇಳಿದಳು:

“ಹಕೀಮ್‌ಸಾಬ್ರ, ನಿಮಗ ವಾಸನಿ ಬರಂಗಿಲ್ರಿ.”